ಹತ್ತು ದಿನ ಹೊದ್ದ ಕಂಬಳಿ

ನಮ್ಮ ಮನೆಯಾಗೆ ಮನುಷ್ಯರಿಗಿಂತ ಕುರಿಗಳಿಗೇ ಜಾಸ್ತಿ ಜಾಗ. ಬಾಗಿಲು ದಾಟಿದ್ರೆ ಮೊದ್ಲು ಸಿಗೋದು ಕುರಿ ಕೂಡೋ ರೊಪ್ಪ, ಆಮೇಲೆ ಪಡಸಾಲೆ, ಅದರಾಚೆ ಒಂದು ಕೋಣೆ, ಒಂದು ಅಡಿಗೆಮನೆ. ಅಷ್ಟೇ. ಮ್ಯಾಲೆ ಮಣ್ಣಿನ ಮಾಳಿಗೆ, ಮಾಳಿಗೆಗೆ ಮೂರು ಬೆಳಕಿಂಡಿ. ಒಳಗೆ ಬೆಳಕು ಬರ್ಲಿ ಅಂತ ಬೆಳಕಿಂಡಿ ಇಟ್ಟಿದ್ದು ಅಂತ ನಮ್ಮ ತಾತ ಹೇಳ್ತಿದ್ದ. ಸುಳ್ಳು. ಅವು ಇದ್ದಿದ್ದು ನಾನು ಮಾಳಿಗೆ ಮ್ಯಾಲೆ ಬೋರಲಾಗಿ ಮಲಕ್ಕಂಡು ಕೆಳಗೆ ಕುಂತೋರ ನೆತ್ತಿಗೆ ಹುಣಸೆ ಬೀಜ ಬಿಡಾಕೆ. ಒಂದು ಬೀಜ ಬಿಟ್ರೆ ಒಂದು ತಲೆ, ಗುರಿ ತಪ್ಪಿದ್ದೇ ಇಲ್ಲ. ಹೆಸರಿಗೆ ಕೆಂಚಮ್ಮ, ಊರಿಗೆಲ್ಲ ಕೆಂಚಿ. ಹರಿಯಬ್ಬೆ ಕಡೆಯ ನಮ್ಮೂರಾಗೆ ಯಾರ ಮನೆ ಮಜ್ಜಿಗೆಗೆ ಉಪ್ಪು ಜಾಸ್ತಿ ಆದ್ರೂ, ಯಾರ ಎಮ್ಮೆ ಕೊಂಬಿಗೆ ರಿಬ್ಬನ್ ಕಟ್ಟಿದ್ರೂ ಜನ ಸೀದ ನಮ್ಮನೆಗೇ ಬರೋರು. ಅರ್ಧ ನಾನು ಮಾಡಿದ್ದು, ಇನ್ನರ್ಧ ನಾನು ಮಾಡದೇ ಇದ್ರೂ ಒಪ್ಕಂತಿದ್ದೆ. ಇಂಥ ಹೆಸರು ಬರಬೇಕಂದ್ರೆ ಅಷ್ಟು ಸುಲಭ ಏನಲ್ಲ. ಇವತ್ತಿಗೂ ನನ್ನ ಮೊಮ್ಮಕ್ಕಳು ನಾನು ಕೊಟ್ಟ ಕಾಫಿನ ಮೊದ್ಲು ಮೂಸಿ ಆಮೇಲೆ ಕುಡಿತಾವೆ.

ನನ್ನ ಯಾಮಾರಿಸಿದೋರು ಯಾರೂ ಇಲ್ಲ ಅಂತ ಐವತ್ತು ವರ್ಷ ಹೇಳ್ಕಂಡು ತಿರುಗಿದೀನಿ. ಈಗ ಆ ಮಾತು ವಾಪಸ್ ತಗಬೇಕಾಗೈತೆ.

ಹಳ್ಳದ ಆಚೆ ಒಂದು ಆಶ್ರಮ ಇತ್ತು, ಅಪ್ಪ ಅವ್ವ ಇಲ್ಲದ ಮಕ್ಕಳದ್ದು. ಆ ಮಕ್ಕಳು ನಮ್ಮ ಸ್ಕೂಲಿಗೇ ಬರ್ತಿದ್ವು, ಅಲ್ಲಿ ನಮ್ಮಪ್ಪನೇ ಮೇಷ್ಟ್ರು. ಅವುಗಳ ಪೈಕಿ ರತ್ನಿ ಅಂತ ಒಬ್ಬಳು, ನನ್ನ ವಾರಿಗೆಯೋಳು, ಹತ್ತು ವರ್ಷ ಇರಬೇಕು. ನನ್ನ ತಲೆಯಾಗೆ ಹುಟ್ಟಿದ ಕಿತಾಪತಿಗೆ ಕೈಕಾಲು ಕೊಡ್ತಿದ್ದೋಳು ಅವಳು. ಅಪ್ಪನ ಛತ್ರಿ ಮಡಿಕೆಯೊಳಗೆ ರಾಗಿ ಹೊಟ್ಟು ತುಂಬಿ, ಮಳೆ ಬಂದ ದಿನ ಅಪ್ಪ ಛತ್ರಿ ಬಿಚ್ಚಿ, ಮೀಸೆ ಹುಬ್ಬೆಲ್ಲ ಹೊಟ್ಟಾಗಿ ನಿಂತ್ಕಂಡಾಗ ನಗದೇ ಇದ್ದೋಳು ಇಡೀ ಸ್ಕೂಲಿನಾಗೆ ಅವಳೊಬ್ಬಳೇ. ಅದುಕ್ಕೇ ಸಿಕ್ಕಾಕ್ಕಂಡ್ಲು. ನಗೋದು ಗೊತ್ತಿರಲಿಲ್ಲ ಅಂತಲ್ಲ, ಜೋರಾಗಿ ನಕ್ರೆ ಯಾರೋ ನೋಡ್ತಾರೆ ಅನ್ನೋ ಭಯ. ಅದಕ್ಕೂ ಎರಡು ವರ್ಷ ಮೊದ್ಲು ಹೊಸದುರ್ಗದ ಕಡೆಯ ಗಂಡ ಹೆಂಡ್ತಿ ಅವಳನ್ನ ಸಾಕ್ಕಂತೀವಿ ಅಂತ ಕರ್ಕಂಡು ಹೋಗಿ, ಹುಡುಗಿ ಹಾಸಿಗೆ ಒದ್ದೆ ಮಾಡ್ಕಂತಾಳೆ ಅಂತ ಒಂದೇ ತಿಂಗಳಿಗೆ ವಾಪಸ್ ತಂದು ಬಿಟ್ಟಿದ್ರು. ಅವತ್ತಿಂದ ಯಾರಾದ್ರೂ ಹೊಸಬರು ಆಶ್ರಮಕ್ಕೆ ಬಂದ್ರೆ ರತ್ನಿ ಉಗ್ರಾಣದಾಗೆ ಮೂಟೆ ಹಿಂದೆ ಸೇರ್ಕಂಬಿಡೋಳು.

ಅಂಥೋಳಿಗೆ ಅಪ್ಪ ಅವ್ವ ಆಗ್ತೀವಿ ಅಂತ ಡೆನ್ಮಾರ್ಕಿನಿಂದ ಇಬ್ಬರು ಬಂದಿಳಿದ್ರು. ಹೆಂಗಸು ಇಂಗ, ಗಂಡಸು ಪೀಟರ್. ಚಿತ್ರದುರ್ಗದ ಕೋರ್ಟಿನಾಗೆ ಕಾಗದ ಆಗೋವರೆಗೂ ಒಂದೂವರೆ ತಿಂಗಳು ಇಲ್ಲೇ ಇರಬೇಕು, ಹುಡುಗಿ ದೊಡ್ಡೋಳಾದ್ರಿಂದ ಜಡ್ಜು ಅವಳನ್ನೇ ಕೇಳ್ತಾರೆ, ಅವಳು ಹೂಂ ಅಂದ್ರೆ ಮಾತ್ರ ಕಳಿಸ್ತಾರೆ ಅಂತಾಗಿತ್ತು. ಸುತ್ತಮುತ್ತ ಇಂಗ್ಲಿಷ್ ಬರ್ತಿದ್ದಿದ್ದು ನಮ್ಮಪ್ಪಂಗೆ ಒಬ್ಬನಿಗೇ. ಅದುಕ್ಕೇ ಅವ್ರನ್ನ ನಮ್ಮ ಕೋಣೆಗೆ ತಂದು ಇಳಿಸ್ದ. ನಮ್ಮವ್ವ ಅವತ್ತು ಅಪ್ಪನ ಮ್ಯಾಲೆ ಹರಿಹಾಯ್ದಿದ್ದು ಇನ್ನೂ ನನ್ನ ಕಿವಿಯಾಗೈತೆ.

"ನಿಮ್ಗೇನ್ರಿ ಬುದ್ಧಿ ಐತಾ? ಕುರಿ ಹಿಕ್ಕೆ ತುಳ್ಕಂಡು ಒಳಗೆ ಬರ್ಬೇಕು ಅವ್ರು. ನಾನೇನು ಅಡಿಗೆ ಮಾಡಿ ಹಾಕ್ಲಿ?"

"ನಾವು ಉಣ್ಣೋದೇ ಹಾಕು. ಮಗಳಾಗೋಳು ಉಣ್ಣೋದೇನು ಅಂತ ಅವ್ರಿಗೂ ಗೊತ್ತಾಗ್ಲಿ."

ಗೊತ್ತಾಯ್ತು. ಪೀಟರ್ ರಾಗಿ ಮುದ್ದೆನ ಅಗಿದೂ ಅಗಿದೂ ದವಡೆ ಹಿಡ್ಕಂಡು ಕುಂತ. ಇಂಗ ಎರಡನೇ ದಿನಕ್ಕೇ ನಮ್ಮವ್ವನ್ನ ನೋಡಿ ನುಂಗೋದು ಕಲ್ತು, ಮೂರನೇ ದಿನ ಇನ್ನೊಂದು ಮುದ್ದೆಗೆ ತಟ್ಟೆ ಒಡ್ಡಿದ್ಲು. ಅವ್ವ ಅವತ್ತೇ ಶರಣು. ನಾನು ಮಾತ್ರ ಬಗ್ಗಲಿಲ್ಲ. ಪೀಟರನ ತಲೆ ಬೋಳು, ಬೆಳಕಿಂಡಿ ಸರಿಯಾಗಿ ಅವನ ಮಂಚದ ಮ್ಯಾಲೆ, ಇಂಥ ಯೋಗ ಯಾರಿಗೆ ಸಿಗ್ತದೆ ಹೇಳ್ರಿ. ನಾಕು ದಿನ ಟಕ್ ಟಕ್ ಅಂತ ಬೀಜ ಬಿಟ್ಟೆ. ಐದನೇ ದಿನ ಇಣುಕಿ ನೋಡಿದ್ರೆ ಅವನು ನಮ್ಮವ್ವನ ಅನ್ನದ ಪಾತ್ರೆ ತಲೆಗೆ ಬೋರಲು ಹಾಕ್ಕಂಡು ಪುಸ್ತಕ ಓದ್ತಾ ಕುಂತವನೆ! ತಲೆ ಎತ್ತಲಿಲ್ಲ, ಬೈಯಲಿಲ್ಲ. ನಂಗೆ ಅವಮಾನ ಆದಂಗಾಯ್ತು.

ನಂಗೆ ಅವ್ರ ಮ್ಯಾಲೆ ಸಿಟ್ಟು ಯಾಕೆ ಅಂತ ಬಿಡಿಸಿ ಹೇಳ್ಬೇಕಾ? ಅವ್ರು ಎತ್ಕಂಡು ಹೋಗಾಕೆ ಬಂದಿದ್ದು ನನ್ನ ರತ್ನಿನ. ಮನೆಗೆ ನಾನೊಬ್ಬಳೇ ಮಗು. ಕುರಿ ಜೊತೆ ಎಷ್ಟು ಅಂತ ಮಾತಾಡಾನ? ಭಾನುವಾರ ಭಾನುವಾರ ಆಶ್ರಮದ ಟೀಚರಮ್ಮ ರತ್ನಿನ ನಮ್ಮನೆಗೆ ಕರ್ಕಂಡು ಬರೋಳು, ಹೊಂದಾಣಿಕೆ ಆಗ್ಲಿ ಅಂತ. ಇಂಗ ಪಡಸಾಲೆಯಾಗೆ ಚಾಪೆ ಹಾಸ್ಕಂಡು, ಗೊಂಬೆ ಇಟ್ಕಂಡು, ಬಣ್ಣದ ಪೆನ್ಸಿಲು ಇಟ್ಕಂಡು ಕುಂತಿರೋಳು. ರತ್ನಿ ಕಂಬಕ್ಕೆ ಬೆನ್ನು ಕೊಟ್ಟು, ಇಡೀ ಪಡಸಾಲೆ ಮಧ್ಯ ಬಿಟ್ಟು, ಇಬ್ಬರ ನಡುವೆ ಒಂದು ಕುರಿ ಹಿಂಡು ಹೋಗ್ಬಹುದು, ಅಷ್ಟು ದೂರ ಕುಂತಿರೋಳು. ನಂಗೆ ಒಳಗೇ ಖುಷಿ. ಆ ಖುಷಿ ಸಾಲದು ಅಂತ ಒಂದು ದಿನ ಅವಳ ಕಿವಿಯಾಗೆ ಊದಿದೆ.

"ಲೇ ರತ್ನಿ, ಇವ್ರು ವಿಮಾನದಾಗೆ ಕರ್ಕಂಡು ಹೋಗ್ತಾರೆ. ನೀನು ಒದ್ದೆ ಮಾಡ್ಕಂಡ್ರೆ ಅಲ್ಲಿಂದ್ಲೇ ವಾಪಸ್ ಬಿಡ್ತಾರೆ. ಮ್ಯಾಲಿಂದ."

ಅವಳು ಲಂಗದ ಅಂಚು ಬೆರಳಿಗೆ ಸುತ್ಕಂಡ್ಲು, ಬಿಚ್ಚಿದ್ಲು, ಮತ್ತೆ ಸುತ್ಕಂಡ್ಲು. ನಾನು ಜೀವನದಾಗೆ ಸಾವಿರ ಚೇಷ್ಟೆ ಮಾಡಿದೀನಿ, ಹೆಮ್ಮೆಯಿಂದ ಹೇಳ್ಕಂತೀನಿ. ಇದೊಂದನ್ನ ಲೆಕ್ಕದಾಗೆ ಸೇರ್ಸಲ್ಲ.

ಕೋರ್ಟಿನ ದಿನ ಹತ್ರ ಬಂತು. ರತ್ನಿ ಇಂಗಳ ಕೈಗೂ ಸಿಗ್ತಿಲ್ಲ, ಮಾತಿಗೂ ಸಿಗ್ತಿಲ್ಲ. ಒಂದು ಸಂಜೆ ಅಡಿಗೆಮನೆ ಹೊಸ್ತಿಲ ಮ್ಯಾಲೆ ಇಂಗ ಕುಂತ್ಕಂಡು ಅಳ್ತಿದ್ಲು, ಅವ್ವ ಬೆನ್ನು ಸವರ್ತಿದ್ಲು, ಒಬ್ಬರ ಮಾತು ಇನ್ನೊಬ್ಬರಿಗೆ ಬರಲ್ಲ. ಅಪ್ಪಂದು ಒಂದೇ ಹಟ: ಹುಡುಗಿಗೆ ನಾಕು ಇಂಗ್ಲಿಷ್ ಪದ ಕಲಿಸ್ಬೇಕು, ಹೊಸ ಫ್ರಾಕು ಕೊಡಿಸ್ಬೇಕು. ರೊಪ್ಪದಾಗೆ ಮರಿಗೆ ಹಾಲು ಕುಡಿಸ್ತಿದ್ದ ತಾತ ಅಲ್ಲಿಂದ್ಲೇ ಕೂಗಿದ.

"ಏನಪ್ಪ ಮೇಷ್ಟ್ರೇ, ನಿನ್ನ ಇಂಗ್ಲಿಷು ಪಕ್ಕಕ್ಕಿಡು. ಅವ್ವ ಸತ್ತ ಮರಿನ ಇನ್ನೊಂದು ಕುರಿಗೆ ಹೆಂಗೆ ಹಚ್ತೀವಿ?"

"ಮನುಷ್ಯರ ಮಾತಾಡು ಅಂದ್ರೆ ಕುರಿ ಮಾತಾಡ್ತೀಯಲ್ಲಪ್ಪ!"

"ಹೇಳೋ, ಹೆಂಗೆ ಹಚ್ತೀವಿ?"

ಅಪ್ಪಂಗೆ ಗೊತ್ತು. ಕುರಿಯೋರ ಮನೆಯಾಗೆ ಹುಟ್ಟಿದ ಮ್ಯಾಲೆ ಗೊತ್ತಿಲ್ಲ ಅನ್ನಾಕೆ ಆಗಲ್ಲ. ಎಳೆ ಮರಿ ಆದ್ರೆ ಆ ಕುರಿದೇ ಹಾಲು ಮರಿ ಬೆನ್ನಿಗೆ ಸವರಿ, ಮ್ಯಾಲೆ ಒಂದಿಷ್ಟು ಉಪ್ಪು ಉದುರಿಸಿ ಮುಂದೆ ಬಿಡ್ತೀವಿ. ಕುರಿ ಉಪ್ಪಿನಾಸೆಗೆ ನೆಕ್ತದೆ, ನೆಕ್ತಾ ನೆಕ್ತಾ ತನ್ನ ವಾಸನೆನೇ ಸಿಕ್ಕಿ ನಂದೇ ಮರಿ ಅಂದ್ಕಂತದೆ. ತಾತ ಕೈ ಒರೆಸ್ಕಂಡು ಪಡಸಾಲೆಗೆ ಬಂದ.

"ಈ ಕುರಿ ಆಗ್ಲೇ ಒಪ್ಪೈತೆ ಕಣಪ್ಪ, ಸಮುದ್ರ ದಾಟಿ ಬಂದೈತೆ. ಒಪ್ಪಬೇಕಾಗಿರೋದು ಮರಿ. ಮರಿ ಬಲ್ತೈತೆ, ಒಂದು ಸಲ ಒದೆಸ್ಕಂಡೈತೆ. ಅದುಕ್ಕೆ ಮಾತು ಬ್ಯಾಡ. ವಾಸನೆ ಗೊತ್ತಾಗ್ಲಿ. ಆಯಮ್ಮ ಹತ್ತು ದಿನ ಒಂದು ಹೊಸ ಕಂಬಳಿ ಹೊದ್ಕಳ್ಲಿ. ಆಮೇಲೆ ಅದನ್ನ ಹುಡುಗಿಗೆ ಕೊಡ್ರಿ. ಕೋರ್ಟಿಗೆ ಹೋಗೋ ಹೊತ್ತಿಗೆ ಆಯಮ್ಮ ಹೊಸಬಳು ಅನ್ನಿಸಲ್ಲ."

ಅಪ್ಪ ನಾಚಿಕೆಯಿಂದ್ಲೇ ಇಂಗ್ಲಿಷಿನಾಗೆ ಹೇಳ್ದ. ನಗ್ತಾರೆ ಅಂತ ನಾನು ಕಾದೆ. ಇಂಗ ನಗಲಿಲ್ಲ. ಎದ್ದು ಬಂದು ತಾತನ ಎರಡೂ ಕೈ ಹಿಡ್ಕಂಡ್ಲು. ಆ ವರ್ಷ ಅವ್ವ ನೂತ ಉಣ್ಣೆಯಾಗೆ ಜೋಡಿ ಕಂಬಳಿ ನೇಯಿಸಿದ್ವಿ. ಕರಿ ಮೈ, ಬಿಳಿ ಅಂಚು, ಒಂದರ ಪಕ್ಕ ಒಂದಿಟ್ರೆ ನೇಯ್ದೋನಿಗೂ ವ್ಯತ್ಯಾಸ ತಿಳೀಬಾರ್ದು. ಒಂದು ನಂದು. ಇನ್ನೊಂದು ಇಂಗಳ ಪಾಲಾಯ್ತು. ಉರಿ ಬಿಸಿಲ ಕಾಲ, ಕುರಿನೇ ನೆರಳಿಗೆ ಓಡ್ತಾವೆ, ಈಯಮ್ಮ ಹುಣಸೆ ಬೀಜದ ಸರಿ ಹಾಕಿ ಗಟ್ಟಿ ಮಾಡಿದ ಹೊಸ ಕಂಬಳಿ ಹೊದ್ಕಂಡು ಪಡಸಾಲೆಯಾಗೆ ಕುಂತವಳೆ! ಕತ್ತಿಗೆಲ್ಲ ಕೆಂಪು ಗಂಧೆ ಎದ್ದಿದ್ವು. ಊರ ಹೆಂಗಸರು ನೀರಿಗೆ ಹೋಗ್ತಾ ನಿಂತು ನೋಡಿ ಸೆರಗು ಬಾಯಿಗೆ ಇಟ್ಕಂಡು ಹೋಗೋರು. ಒಂದು ದಿನ ಒಂದು ಮರಿ ಕಂಬಳಿ ಮೂಲೆ ಜಗಿದು ಹಾಕ್ತು. ಇಂಗ ತನ್ನ ಪೆಟ್ಟಿಗೆಯಿಂದ ಕೆಂಪು ದಾರ ತೆಗೆದು ಅಲ್ಲಿ ಸಣ್ಣಗೆ ಹೊಲಿಗೆ ಹಾಕಿದ್ಲು. ನಾನು ಅದನ್ನ ನೋಡಿದ್ದೆ, ಆದ್ರೆ ಲೆಕ್ಕಕ್ಕೆ ತಗಂಡಿರಲಿಲ್ಲ. ದೊಡ್ಡ ಕಳ್ಳರು ಸಿಕ್ಕಾಕ್ಕಳ್ಳೋದೇ ಹಿಂಗೆ.

ಹತ್ತು ದಿನ ಮುಗೀತು. ಕಂಬಳಿ ಆಶ್ರಮಕ್ಕೆ ಮುಟ್ಟಿಸೋ ಕೆಲಸ ಯಾರಿಗೆ ಕೊಟ್ರು ಅಂತೀರಿ? ನನಗೆ! ನಮ್ಮ ಮನೆಯೋರಿಗೆ ನನ್ನ ವಿಷಯದಾಗೆ ಬುದ್ಧಿ ಬರಲೇ ಇಲ್ಲ. ಕಂಬಳಿ ಹೆಗಲಿಗೆ ಹಾಕ್ಕಂಡು ರೊಪ್ಪದವರೆಗೂ ಹೋದೆ, ಯಾರೂ ನೋಡ್ತಿಲ್ಲ ಅಂತ ಖಾತ್ರಿ ಮಾಡ್ಕಂಡು ಹಿಂದೆ ಬಂದು ನನ್ನ ಹಾಸಿಗೆ ಮ್ಯಾಲಿನ ಕಂಬಳಿ ತಗಂಡು, ಇಂಗಳದ್ದನ್ನ ಅಲ್ಲಿ ಹಾಸಿ, ಹಳ್ಳ ದಾಟಿದೆ. ತಾತನ ಲೆಕ್ಕ ನಿಜ ಆದ್ರೆ ರತ್ನಿಗೆ ಹತ್ತೋದು ನನ್ನ ವಾಸನೆ. ಆಮೇಲೆ ಅವಳು ನನ್ನ ಬಿಟ್ಟು ಹೆಂಗೆ ಹೋಗ್ತಾಳೆ? ಹತ್ತು ವರ್ಷಕ್ಕೇ ಇಂಥ ತಲೆ ನೋಡ್ರಿ. ರತ್ನಿ ಕಂಬಳಿ ಇಸ್ಕಂಡು ಮುಖಕ್ಕೆ ಒತ್ಕಂಡ್ಲು.

"ಇದು ಆಯಮ್ಮಂದಾ?"

"ಆಯಮ್ಮಂದೇ. ಆಣೆ."

"ಹೂಂ," ಅಂದ್ಲು, ಅಷ್ಟೇ. ಮುಖದಾಗೆ ಏನೂ ತೋರಿಸಲಿಲ್ಲ. ಛತ್ರಿ ದಿನದಂಗೇ.

ಆದ್ರೆ ತಾತನ ವಿದ್ಯೆ ಇತ್ತಲ್ಲ, ಅದು ನನ್ನ ಕಡೆ ತಿರುಗ್ತು. ನಾನು ಹೊದ್ಕಂತಿದ್ದಿದ್ದು ಇಂಗಳ ಕಂಬಳಿ. ಯಾವುದೋ ಸೋಪು, ಬೆವರು, ಅವಳು ಗಂಧೆಗೆ ಹಚ್ಕಂತಿದ್ದ ಬಿಳಿ ಪೌಡರು. ಮೊದ್ಲ ದಿನ ಮೂಗು ಮುಚ್ಕಂಡೆ. ಮೂರನೇ ದಿನ ಮೂಸಿ ನೋಡ್ದೆ. ಆರನೇ ದಿನಕ್ಕೆ ಸ್ಕೂಲಿಂದ ಬಂದೋಳೇ ಇಂಗಳ ಪಕ್ಕ ಹೋಗಿ ಕುಂತಿದ್ದೆ, ಯಾಕೆ ಅಂತ ನಂಗೇ ಗೊತ್ತಿಲ್ಲ. ಅವಳು ನನ್ನ ಜಡೆ ಬಿಚ್ಚಿ ಬೇರೆ ಥರ ಹೆಣೆದ್ಲು. ಪೀಟರನ ತಲೆಗೆ ಬೀಜ ಬಿಡೋದು ನಿಂತೋಯ್ತು, ಅವನೇ ಒಂದು ದಿನ ಬೆಳಕಿಂಡಿ ಕಡೆ ನೋಡಿ ಯಾಕೆ ಬರ್ಲಿಲ್ಲ ಅನ್ನೋ ಥರ ಕೈ ಆಡಿಸ್ದ. ದುರ್ಗಕ್ಕೆ ಹೋಗೋ ಹಿಂದಿನ ದಿನ ಬೆಳಿಗ್ಗೆ ನಾನಿನ್ನೂ ಎದ್ದಿರಲಿಲ್ಲ, ಇಂಗ ಹಳ್ಳದ ಆಚೆಯಿಂದ ಬಂದ್ಲು. ನನ್ನ ಕಾಲು ಕಂಬಳಿಯಿಂದ ಆಚೆ ಬಂದಿತ್ತು. ಬಗ್ಗಿ ಕಂಬಳಿ ಎಳೆದು ಹೊದಿಸಿದ್ಲು, ಕೆಂಪು ದಾರದ ಮೂಲೆನ ನನ್ನ ಪಾದದ ಕೆಳಗೆ ಸಿಗಿಸಿ ಹೋದ್ಲು. ನಾನು ಕಣ್ಣು ಮುಚ್ಕಂಡೇ ಇದ್ದೆ. ಗೊತ್ತಾಗಲಿಲ್ಲ ಪೆದ್ದಿಗೆ, ಅಂದ್ಕಂಡೆ.

ಮಾರನೇ ದಿನ ಎಲ್ರೂ ಹಿರಿಯೂರಿಗೆ ಬಂದು ದುರ್ಗದ ಬಸ್ಸು ಹತ್ತಿದ್ವಿ. ನಾನು ಬರದಿದ್ರೆ ಬಸ್ಸೇ ಹತ್ತಲ್ಲ ಅಂತ ರತ್ನಿ ಕುಂತ್ಕಂಬಿಟ್ಟಿದ್ದಕ್ಕೆ ನನ್ನೂ ಕರ್ಕಂಡು ಹೋದ್ರು. ಇನ್ನೇನು, ಗೆದ್ದೆ ಅಂದ್ಕಂಡೆ. ಮೊಳಕಾಲ ಮ್ಯಾಲೆ ಆ ಕಂಬಳಿ ಇಟ್ಕಂಡು ದಾರಿಪೂರ್ತಿ ಅವಳು ಕಿಟಕಿ ಆಚೆ ನೋಡ್ತಾ ಕುಂತಿದ್ಲು. ಜಡ್ಜ್ ಸಾಹೇಬ್ರು ವಯಸ್ಸಾದೋರು, ಮೆತ್ತಗೆ ಮಾತಾಡೋರು. ದೊಡ್ಡೋರನ್ನೆಲ್ಲ ಆಚೆ ಕಳಿಸಿದ್ರು. ನನ್ನನ್ನೂ ಕಳಿಸ್ತಿದ್ರು, ರತ್ನಿ ನನ್ನ ಲಂಗ ಹಿಡ್ಕಂಡಿದ್ಲು.

"ಇವಳ್ಯಾರಮ್ಮ?"

"ಕೆಂಚಿ, ಸಾರ್."

"ಅಂದ್ರೆ?"

"ಕೆಂಚಿ ಅಂದ್ರೆ ಕೆಂಚಿನೇ, ಸಾರ್."

ಅವ್ರಿಗೆ ನಗು ಬಂತು. ಕುಂತ್ಕಳ್ರಿ ಇಬ್ರೂ, ಅಂದ್ರು. ಆಮೇಲೆ ಕನ್ನಡಕ ತೆಗೆದಿಟ್ಟು ರತ್ನಿ ಕಡೆ ಬಗ್ಗಿದ್ರು.

"ನೋಡಮ್ಮ, ಯಾರೂ ನಿನಗೆ ಬಲವಂತ ಮಾಡಂಗಿಲ್ಲ. ಅವ್ರ ಜೊತೆ ಹೋಗ್ತೀಯಾ?"

ನಾನು ಮೇಜಿನ ಕೆಳಗೆ ಅವಳ ಕಾಲು ತುಳಿದೆ. ಅವಳು ಕಾಲು ಎಳ್ಕಳ್ಲಿಲ್ಲ.

"ಹೋಗ್ತೀನಿ ಸಾರ್."

"ಯಾಕೆ?"

"ಕಂಬಳಿ ವಾಸನೆ ಚೆನ್ನಾಗೈತೆ, ಸಾರ್."

ಜಡ್ಜ್ ಸಾಹೇಬ್ರಿಗೆ ಏನು ಅರ್ಥ ಆಯ್ತೋ, ಬರ್ಕಂಡ್ರು. ಅದು ನನ್ನ ವಾಸನೆ ಕಣೇ, ಅಂತ ಕೂಗಬೇಕು ಅನ್ನಿಸ್ತು. ಕೂಗಿದ್ರೆ ಆಣೆ ಸುಳ್ಳಾಗ್ತಿತ್ತು, ನಾನು ಸಿಕ್ಕಾಕ್ಕಂತಿದ್ದೆ. ಸಿಕ್ಕಾಕ್ಕಳ್ಳೋದಕ್ಕಿಂತ ಅವಳು ಹೋಗೋದೇ ವಾಸಿ ಅಂತ ನಾನು ಸುಮ್ಮನಾದೆ. ಬಾಯಿ ಬಡುಕಿ ಅಂತ ಹೆಸರು ಮಾಡಿದೋಳು, ಮಾತಾಡಬೇಕಾದ ಒಂದೇ ಒಂದು ಕಡೆ ಮಾತಾಡಲಿಲ್ಲ. ಎಂಟು ದಿನಕ್ಕೆ ಅವ್ರು ಹೋದ್ರು. ರತ್ನಿ ಬಗಲಾಗೆ ನನ್ನ ಕಂಬಳಿ. ಜೀಪು ಹಳ್ಳ ದಾಟಿದ ಮ್ಯಾಲೆ ನಾನು ರೊಪ್ಪದಾಗೆ ಕುಂತು ಅತ್ತೆ. ಅತ್ತಿದ್ದು ರತ್ನಿಗೆ ಎಷ್ಟೋ, ಇಂಗಳಿಗೆ ಎಷ್ಟೋ, ಅವತ್ತೂ ಗೊತ್ತಾಗಲಿಲ್ಲ.

ಕೆಲವು ವರ್ಷ ಫೋಟೋ ಬರ್ತಿದ್ವು, ಆಮೇಲೆ ನಿಂತ್ವು. ನಾನು ದೊಡ್ಡೋಳಾದೆ, ತಾಳ್ಯದ ಕಡೆಯಿಂದ ಗಂಡನ್ನ ಮನೆಅಳಿಯ ಮಾಡ್ಕಂಡೆ, ಮಕ್ಕಳು ಹೆತ್ತೆ, ಚೇಷ್ಟೆ ಬಿಡಲಿಲ್ಲ. ಆದ್ರೆ ಮರಿ ಹಚ್ಚೋ ಕೆಲಸ ಬಂದಾಗೆಲ್ಲ ಬೇರೆಯೋರಿಗೆ ಹೇಳಿ ಎದ್ದು ಹೋಗ್ತಿದ್ದೆ. ಉಪ್ಪು ಉದುರಿಸಾಕೆ ಕೈ ಬರ್ತಿರಲಿಲ್ಲ. ಒಂದು ಹುಡುಗಿನ ಸುಳ್ಳು ವಾಸನೆ ಹತ್ತಿಸಿ ಗೊತ್ತಿಲ್ಲದ ಹೆಂಗಸಿನ ಹಿಂದೆ ಸಮುದ್ರದಾಚೆ ಕಳಿಸಿದೀನಿ, ಅಲ್ಲಿ ಹೋದ ಮ್ಯಾಲೆ ವಾಸನೆ ಬೇರೆ ಅಂತ ಗೊತ್ತಾಗಿ ಏನು ಮಾಡಿದ್ಲೋ, ಯಾರಿಗೆ ಹೇಳ್ಕಂಡ್ಲೋ. ಗಂಡಂಗೂ ಹೇಳಿರಲಿಲ್ಲ ಇದನ್ನ.

ಎರಡು ವರ್ಷದ ಹಿಂದೆ ನನ್ನ ಮೊಮ್ಮಗಳು ಫೋನಿನಾಗೆ ಹುಡುಕಿ ಹುಡುಕಿ ಒಂದು ಮುಖ ಹಿಡಿದು ತೋರಿಸಿದ್ಲು. ಬಿಳಿ ಕೂದಲು, ಕನ್ನಡಕ, ನಗದೇ ಇರೋ ಬಾಯಿ. ಮೊದಮೊದ್ಲು ಅವಳಿಗೆ ಕನ್ನಡ ಒಂದಕ್ಷರ ಬರ್ತಿರಲಿಲ್ಲ. ವಾರಕ್ಕೊಂದು ಸಲ ಫೋನಿನಾಗೆ ಮುಖ ನೋಡ್ಕಂಡು ಮಾತಾಡ್ತಾ ಮಾತಾಡ್ತಾ ಒಂದೊಂದೇ ಬಂತು, ಬಂದಿದ್ದು ಹತ್ತು ವರ್ಷದ ಹುಡುಗಿ ಕನ್ನಡ. ಹೋದ ತಿಂಗಳು ಅವಳೇ ಬಂದ್ಲು. ಇಂಗ ತೀರ್ಕಂಡು ವರ್ಷ ಆಗೈತೆ ಅಂತ ಹೇಳಿದ್ಲು. ಪೆಟ್ಟಿಗೆ ತೆಗೆದ್ರೆ ಮ್ಯಾಲೇ ಆ ಕಂಬಳಿ, ನವೆದು ಸೀರೆಯಷ್ಟು ತೆಳ್ಳಗಾಗಿತ್ತು. ನಾನು ತಡೀಲಿಲ್ಲ. ಐವತ್ತು ವರ್ಷದ್ದು ಒಂದೇ ಉಸಿರಿಗೆ ಕಕ್ಕಿದೆ.

"ರತ್ನಿ, ಅದು ನಿಮ್ಮಮ್ಮನ ಕಂಬಳಿ ಅಲ್ಲ ಕಣೇ. ನಂದು. ನಾನು ಮೋಸ ಮಾಡಿದೆ."

"ಗೊತ್ತು."

"ಏನ್ ಗೊತ್ತು?"

"ಹರಳೆಣ್ಣೆ ನಾತ. ನಿನ್ನ ತಲೆ. ಅವತ್ತೇ ಗೊತ್ತಿತ್ತು."

ಅವಳು ಪದ ಹುಡುಕ್ಕಂಡು, ಕೈಯಾಗೆ ಒಂದಿಷ್ಟು ತೋರಿಸ್ಕಂಡು ಹೇಳಿದ್ಲು. ಕೋರ್ಟಿನ ಹಿಂದಿನ ದಿನ ಬೆಳಗಾಗೋ ಹೊತ್ತಿಗೆ ಅವಳು ಕಂಬಳಿ ಒದ್ದೆ ಮಾಡ್ಕಂಡಿದ್ಲು. ಅಷ್ಟರಾಗೆ ಇಂಗ ಬಂದೇಬಿಟ್ಲು. ಮುಗೀತು, ಇವಳೂ ಬಿಟ್ಟು ಹೋಗ್ತಾಳೆ ಅಂತ ರತ್ನಿ ಮೂಟೆ ಹಿಂದೆ ನಿಂತಿದ್ಲು. ಇಂಗ ಒದ್ದೆ ಕಂಬಳಿ ಎತ್ಕಂಡು ಮೂಲೆ ಮೂಲೆ ತಿರುಗಿಸಿ ನೋಡಿದ್ಲಂತೆ. ಕೆಂಪು ದಾರ ಇಲ್ಲ. ಮೂಸಿದ್ಲಂತೆ. ಆಮೇಲೆ ತನ್ನ ಎರಡು ಭುಜದ ಮ್ಯಾಲೆ ಎರಡು ಜಡೆ ಥರ ಕೈ ಎಳೆದು ತೋರಿಸಿ, "ಕೆಂಚಿ?" ಅಂತ ಕೇಳಿ ನಕ್ಕಳಂತೆ.

"ಅಮ್ಮ ತೊಳೀಲಿಲ್ಲ. ಬಿಸಿಲಿಗೆ ಹಾಕಿದ್ಲು. ತೊಳೆದ್ರೆ ನೀನು ಹೋಗ್ತೀಯ ಅಂತ ಅವಳಿಗೆ ಗೊತ್ತು. ಸಂಜೆ ಮತ್ತೆ ಬಂದು, ಒಣಗಿದ್ದನ್ನ ಮಡಚಿ ನನ್ನ ಕೈಗೇ ಕೊಟ್ಲು."

ಆಮೇಲೆ ಕಂಬಳಿ ಮಡಿಕೆ ಸರಿ ಮಾಡ್ತಾ ಅಂದ್ಲು:

"ಅದುಕ್ಕೇ ಹೋದೆ. ಕೆಂಚಿನ ಬಿಟ್ಟು ಬಾ ಅನ್ನಲಿಲ್ಲ ಅವಳು."

ನಾನು ಒಳಗೆ ಹೋಗಿ ನನ್ನ ಕಂಬಳಿ ತಂದೆ, ಕೆಂಪು ದಾರದ್ದು, ಅದೂ ಹಂಗೇ ನವೆದು ತೆಳ್ಳಗಾಗಿತ್ತು. ಇದರಾಗೆ ನಿಮ್ಮಮ್ಮ ಇದಾಳೆ, ಮೂಸು, ಅಂದೆ. ರತ್ನಿ ಮುಖಕ್ಕೆ ಒತ್ಕಂಡ್ಲು, ಐವತ್ತು ವರ್ಷದ ಹಿಂದಿನಂಗೇ. ತಲೆ ಎತ್ತಿ ಮೂಗು ಸಿಂಡರಿಸಿದ್ಲು.

"ಬರೀ ನೀನೇ. ಹರಳೆಣ್ಣೆ."

ಇನ್ನೇನಿರ್ತದೆ, ಇಷ್ಟು ವರ್ಷ ಹೊದ್ದೋಳು ನಾನು. ಅವಳು ಆ ಕೆಂಪು ಹೊಲಿಗೆ ಮ್ಯಾಲೆ ಹೆಬ್ಬೆರಳು ಆಡಿಸ್ತಾ ಆಡಿಸ್ತಾ ಇದ್ಲು. ಅದು ಅವಳಮ್ಮನ ಹೊಲಿಗೆ, ಅವಳೇ ಇಟ್ಕಳ್ಲಿ ಅಂದೆ. ಬ್ಯಾಡ ಅಂದ್ಲು, ಬೇಕು ಅಂದ್ಲು, ಮತ್ತೆ ಬ್ಯಾಡ ಅಂದ್ಲು. ಎರಡೂ ನಿನ್ನ ಪೆಟ್ಟಿಗೆಗೇ ಹಾಕ್ಕಂಡು ಹೋಗು ಅಂದ್ರೆ, ಆಮೇಲೆ ನೀನೇನು ಹೊದ್ಕಂತೀಯ ಅಂತ ನನಗೇ ಬೈದ್ಲು. ಕೊನೆಗೂ ಏನು ತೀರ್ಮಾನ ಮಾಡಿದ್ಲೋ ಹೇಳಲಿಲ್ಲ. ಹೊರಡೋ ದಿನ ಬೆಳಿಗ್ಗೆ, ಜಾಕೀಟಿನ ಗುಂಡಿ ಕಿತ್ತೈತೆ ಅಂತ ಮೊಮ್ಮಗಳ ಹತ್ರ ಸೂಜಿ ದಾರ ಇಸ್ಕಂಡು ಕೋಣೆ ಬಾಗಿಲು ಹಾಕ್ಕಂಡ್ಲು. ಒಂದು ಗುಂಡಿಗೆ ಅಷ್ಟು ಹೊತ್ತಾ ಅಂತ ನಾನೇ ಆಚೆಯಿಂದ ಆಡ್ಕಂಡೆ.

ಕಾರು ಹಳ್ಳ ದಾಟಿದ ಮ್ಯಾಲೆ ಒಳಗೆ ಬಂದು ನೋಡಿದ್ರೆ ನನ್ನ ಹಾಸಿಗೆ ಮ್ಯಾಲೆ ಒಂದು ಕಂಬಳಿ ಮಡಚಿ ಇಟ್ಟೈತೆ. ಇಂಗಳದ್ದು ಅವಳು ತಗಂಡು ಹೋಗಿರಬೇಕು ಅಂದ್ಕಂಡು ಬಿಚ್ಚಿದೆ. ಮೂಲೆಯಾಗೆ ಕೆಂಪು ದಾರ. ಇಲ್ಲ, ಇಂಗಳದ್ದನ್ನೇ ಬಿಟ್ಟು ಹೋಗವಳೆ ಅಂದ್ಕಂಡು ಇನ್ನೊಂದು ಮೂಲೆ ತಿರುಗಿಸಿದೆ. ಅಲ್ಲೂ ಕೆಂಪು ದಾರ. ನಾಕೂ ಮೂಲೆಗೆ ಒಂದೇ ಥರ ಹೊಲಿಗೆ. ಅವಳಮ್ಮನ ಕೈ ನೋಡ್ಕಂಡು ಬೆಳೆದೋಳು, ಯಾವುದು ಇಂಗ ಹಾಕಿದ್ದು ಯಾವುದು ರತ್ನಿ ಹಾಕಿದ್ದು ಅಂತ ನನ್ನ ಕಣ್ಣಿಗೆ ತಿಳೀಲಿಲ್ಲ. ಮುದುಕಿ ಆದ್ರೂ ಕಳ್ಳಿ ಕಳ್ಳಿನೇ. ಕಣ್ಣಿನ ಮ್ಯಾಲೆ ಭರವಸೆ ಬಿಟ್ಟು, ಪಡಸಾಲೆಯಾಗೆ ಕುಂತು, ಕಂಬಳಿ ತಲೆ ಮ್ಯಾಲೆ ಎಳ್ಕಂಡು, ಕುರಿ ತನ್ನ ಮರಿನ ಮೂಸಿದಂಗೆ ನಿಧಾನಕ್ಕೆ ಮೂಸಿದೆ. ಹರಳೆಣ್ಣೆ ಇರಲಿಲ್ಲ. ಬರೀ ರತ್ನಿ.